ಮುಚ್ಚಳ ನೋಡಿ ಬಾರ್ಬೆಕ್ಯೂ ಕೊಳ್ಳಿ

ಮನೆಗೆ ಬಾರ್ಬೆಕ್ಯೂ ಒಲೆ ತರಲು ಹೊರಟವರು ಅಂಗಡಿಯಲ್ಲಿ ಮೊದಲು ಜಾಲರಿಯ ಅಗಲ ನೋಡುತ್ತಾರೆ, ಆಮೇಲೆ ಬೆಲೆ ಕೇಳುತ್ತಾರೆ. ಅದಕ್ಕೂ ಮೊದಲು ಮುಚ್ಚಳ ನೋಡಿ ಎನ್ನುತ್ತೇನೆ ನಾನು. ಮುಚ್ಚಳ ಬಿಗಿಯಾಗಿ ಕೂರಬೇಕು. ಅದರ ನೆತ್ತಿಯಲ್ಲೊಂದು ಗಾಳಿಕಂಡಿ, ತಳದಲ್ಲಿ ಇನ್ನೊಂದು ಇರಬೇಕು. ಎರಡನ್ನೂ ಬೇಕಾದಷ್ಟೇ ತೆರೆದು ನಿಲ್ಲಿಸಲು ಬರಬೇಕು. ಇಷ್ಟಿದ್ದರೆ ಕೆಂಡದ ಮೇಲೆ ಸುಡುವುದು, ಹೊಗೆಯಲ್ಲಿ ಬೇಯಿಸುವುದು ಎರಡೂ ಒಂದೇ ಒಲೆಯಲ್ಲಿ ಆಗುತ್ತವೆ. ಮುಚ್ಚಳವಿಲ್ಲದ ಉದ್ದನೆಯ ಕೆಂಡದ ಒಲೆ ಕಬಾಬಿಗೂ ಜೋಳದ ತೆನೆಗೂ ಸಾಕು. ಆದರೆ ನಮ್ಮ ದಾವಣಗೆರೆಯಲ್ಲಿ ಆಷಾಢದ ಗಾಳಿ ಎದ್ದಾಗ ಆ ಒಲೆಯ ಕೆಂಡ ನೋಡನೋಡುತ್ತಲೇ ಬೂದಿಯಾಗುತ್ತದೆ, ಕಿಡಿ ಪಕ್ಕದ ಮನೆಯವರು ಒಣಹಾಕಿದ ಬಟ್ಟೆಗೆ ಹಾರುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲುಸಾಲಾಗಿ ಗಾಳಿಯಂತ್ರ ನಿಲ್ಲಿಸಿರುವ ಸೀಮೆ ಇದು.

ಮುಚ್ಚಳವಿರುವ ದುಂಡು ಒಲೆಯ ಹುಟ್ಟಿನ ಹಿಂದೆಯೂ ಗಾಳಿಯ ಕಾಟವೇ ಇದೆ. 1952ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಜಾರ್ಜ್ ಸ್ಟೀಫನ್ ಎಂಬಾತ, ತಾನು ದುಡಿಯುತ್ತಿದ್ದ ಕಾರ್ಖಾನೆಯಲ್ಲಿ ನೀರಿನ ಮೇಲೆ ತೇಲಿಬಿಡುವ ಲೋಹದ ಬುರುಡೆಗಳನ್ನು ನೋಡಿ, ಅಂಥದ್ದೊಂದನ್ನು ಎರಡು ಹೋಳು ಮಾಡಿ, ಕೆಳಗಿನದನ್ನು ಒಲೆ, ಮೇಲಿನದನ್ನು ಮುಚ್ಚಳ ಮಾಡಿಕೊಂಡ. ವೆಬರ್ ಕಂಪನಿಯ ಒಲೆ ಬಂದದ್ದು ಅಲ್ಲಿಂದ. ಬೇರೆ ಕಂಪನಿಯದ್ದನ್ನು ಕೊಂಡರೂ ಆಕಾರ ಇದೇ ಇರಲಿ.

ನಾಲ್ಕು ಜನರ ಮನೆಗೆ 47 ಸೆಂಟಿಮೀಟರ್ ಅಗಲದ್ದು ಸಾಕು, ಆರೆಂಟು ಜನರಿದ್ದರೆ 57ರದ್ದು ತನ್ನಿ. ಯುಗಾದಿಯ ಮಾರನೆಯ ದಿನ ನೆಂಟರೆಲ್ಲ ಸೇರುತ್ತಾರೆಂದು ಅದಕ್ಕಿಂತ ದೊಡ್ಡದನ್ನು ತಂದರೆ ಉಳಿದ ದಿನವೆಲ್ಲ ಇದ್ದಿಲು ದಂಡ. ತಗಡು ಬೆರಳಿನಿಂದ ಒತ್ತಿದರೆ ಬಗ್ಗುವಂತಿದ್ದರೆ ಬೇಡ. ಜಾಲರಿ ದಪ್ಪ ಸ್ಟೀಲ್ ಸರಳಿನದೋ ಎರಕದ ಕಬ್ಬಿಣದ್ದೋ ಇರಲಿ. ಹೊಳಪು ಬಳಿದ ತೆಳು ತಂತಿಯ ಜಾಲರಿಯ ಲೇಪ ಬೇಗ ಏಳುತ್ತದೆ. ವೆಲ್ಡಿಂಗ್ ಅಂಗಡಿಯಲ್ಲಿ ಡ್ರಮ್ಮು ಸೀಳಿಸಿ ಮಾಡಿಸುವವರೂ ಇದ್ದಾರೆ. ಒಳ್ಳೆಯದೇ, ಆದರೆ ಅಡುಗೆ ಎಣ್ಣೆ ತುಂಬಿದ್ದ ಡ್ರಮ್ಮೇ ಆಗಿರಬೇಕು. ಕೀಟನಾಶಕ, ಬಣ್ಣ, ಯಂತ್ರದ ಎಣ್ಣೆ ತುಂಬಿದ್ದು ಎಷ್ಟು ತೊಳೆದರೂ ಬೇಡ. ಸತುವು ಬಳಿದ ತಗಡನ್ನೂ ಹಾಕಿಸಬೇಡಿ, ಕಾದಾಗ ಅದರಿಂದ ವಿಷದ ಹೊಗೆ ಬರುತ್ತದೆ. ಗ್ಯಾಸಿನ ಒಲೆ ಬೇಗ ಕಾಯುತ್ತದೆ, ಬೂದಿಯ ರಗಳೆಯಿಲ್ಲ, ಆದರೆ ಇದ್ದಿಲಿನ ಪರಿಮಳ ಅದರಲ್ಲಿ ಬರುವುದಿಲ್ಲ. ಕರೆಂಟಿನದು ಅಪಾರ್ಟ್‌ಮೆಂಟಿನವರಿಗೆ ಇರಲಿ.

ಇದ್ದಿಲಿನ ವಿಷಯದಲ್ಲಿ ನಾವು ಭಾಗ್ಯವಂತರು. ಬಯಲುಸೀಮೆಯ ಕೆರೆಯಂಗಳ, ಪಾಳುಭೂಮಿಯಲ್ಲೆಲ್ಲ ಹಬ್ಬಿರುವ ಬಳ್ಳಾರಿ ಜಾಲಿ ಅಮೆರಿಕದವರು ಬಾರ್ಬೆಕ್ಯೂಗೆಂದೇ ಹುಡುಕಿ ಕೊಳ್ಳುವ ಮೆಸ್ಕೀಟ್ ಮರದ ಹತ್ತಿರದ ಬಂಧು. ಅದರ ಇದ್ದಿಲು ಬಹಳ ಬಿಸಿಯಾಗಿ ಉರಿಯುತ್ತದೆ, ಒಂದಿಷ್ಟು ಕಿಡಿಯನ್ನೂ ಸಿಡಿಸುತ್ತದೆ. ಸುಡುವ ಅಡುಗೆಗೆ ಹೇಳಿ ಮಾಡಿಸಿದ್ದು. ಹೊಸದುರ್ಗ, ಹಿರಿಯೂರು ಕಡೆಯ ತೆಂಗಿನ ಚಿಪ್ಪಿನ ಇದ್ದಿಲು ಸಿಕ್ಕರೆ ಅದೂ ಉತ್ತಮ, ಹೊಗೆ ಕಡಿಮೆ, ಕಾವು ಒಂದೇ ಸಮ. ಎರಡು ತುಂಡು ತಾಗಿಸಿದಾಗ ಕಣಕಣ ಎಂದರೆ ಒಣಗಿದ ಒಳ್ಳೆಯ ಇದ್ದಿಲು ಎಂದು ತಿಳಿಯಿರಿ. ತೇವವಿದ್ದರೆ ಸಿಡಿಯುತ್ತದೆ, ಹೊಗೆ ಕಾರುತ್ತದೆ.

ಹೊತ್ತಿಸಲು ಸೀಮೆಎಣ್ಣೆ, ಪೆಟ್ರೋಲ್ ಮುಟ್ಟಬೇಡಿ. ಬೆಂಕಿ ಮುಖಕ್ಕೆ ಹಾರುವ ಅಪಾಯ ಒಂದು ಕಡೆ, ಊಟದಲ್ಲೆಲ್ಲ ಅದರ ವಾಸನೆ ಇನ್ನೊಂದು ಕಡೆ. ತಳ ಕತ್ತರಿಸಿದ ದೊಡ್ಡ ಡಬ್ಬಿಯ ಕೆಳಭಾಗದ ಸುತ್ತ ತೂತು ಮಾಡಿ, ಒಲೆಯೊಳಗೇ ಒಂದು ಬದಿಗೆ ನಿಲ್ಲಿಸಿ, ಅಡಿಯಲ್ಲಿ ತೆಂಗಿನ ನಾರು, ಹಳೆಯ ಪತ್ರಿಕೆ ತುರುಕಿ, ಮೇಲೆ ಇದ್ದಿಲು ತುಂಬಿ ಹೊತ್ತಿಸಿ. ಹದಿನೈದಿಪ್ಪತ್ತು ನಿಮಿಷದಲ್ಲಿ ಇದ್ದಿಲಿನ ಮೇಲೆ ಬೂದಿಬಣ್ಣ ಕೂರುತ್ತದೆ. ಆಗ ಇಕ್ಕಳದಿಂದ ಡಬ್ಬಿ ಎತ್ತಿದರೆ ಕೆಂಡ ಒಲೆಯ ಒಂದೇ ಬದಿಗೆ ಬೀಳುತ್ತದೆ, ಇನ್ನೊಂದು ಬದಿ ಖಾಲಿ ಇರಲಿ. ಒಲೆಯ ತುಂಬ ಕೆಂಡ ಹರಡಿದರೆ ಹೊರಗೆ ಕರಕಲು, ಒಳಗೆ ಹಸಿ. ಹೊತ್ತುವ ತುಂಡನ್ನು ಸರಿಸಲು ಜಾಗವೂ ಇರುವುದಿಲ್ಲ. ಜಾಲರಿಯಿಂದ ಗೇಣಿನ ಅರ್ಧ ಎತ್ತರದಲ್ಲಿ ಅಂಗೈ ಹಿಡಿಯಿರಿ. ಎರಡು ಮೂರು ಎಣಿಸುವಷ್ಟರಲ್ಲಿ ಕೈ ಹಿಂದೆಗೆದರೆ ಕಾವು ಜೋರು, ಐದಾರು ಎಣಿಸುವವರೆಗೆ ತಡೆದರೆ ಮಧ್ಯಮ.

ಮೊದಲು ತರಕಾರಿ ಸುಡಿ. ನಮ್ಮಲ್ಲಿ ಒಂದೇ ಮನೆಯಲ್ಲಿ ಮಾಂಸ ತಿನ್ನದವರೂ ಇರುತ್ತಾರೆ, ಅವರಿಗೆ ಜಾಲರಿಯೂ ಇಕ್ಕಳವೂ ಬೇರೆಯೇ ಇರಬೇಕು. ಇದನ್ನು ಹಿರಿಯರು ಕೇಳುವ ಮುಂಚೆಯೇ ಮಾಡಿಡುವುದು ಮರ್ಯಾದೆ. ಬದನೆಕಾಯಿ, ಈರುಳ್ಳಿ, ಹಸಿಮೆಣಸಿನಕಾಯಿಯನ್ನು ಸಿಪ್ಪೆ ಕಪ್ಪಾಗುವವರೆಗೆ ಸುಟ್ಟು, ಕಲ್ಲಲ್ಲಿ ಅರೆದು ಗೊಜ್ಜು ಮಾಡಿದರೆ ರೊಟ್ಟಿಗೆ ಬೇರೇನೂ ಬೇಡ. ನಮ್ಮ ಜಿಲ್ಲೆಯ ಮೆಕ್ಕೆಜೋಳ ಹಾಲುಗಾಳಿನ ಹದದಲ್ಲಿದ್ದಾಗ ಸಿಪ್ಪೆ ಸಮೇತ ಖಾಲಿ ಬದಿಯಲ್ಲಿ ಬೇಯಿಸಿ, ಆಮೇಲೆ ಸಿಪ್ಪೆ ಸುಲಿದು ಕೆಂಡದ ಮೇಲೆ ಒಂದೆರಡು ಸುತ್ತು ಹೊರಳಿಸಿ. ಬೆಣ್ಣೆಯನ್ನು ಒಲೆಯಿಂದ ಇಳಿಸಿದ ಮೇಲೆಯೇ ಹಚ್ಚಬೇಕು, ಮೊದಲೇ ಹಚ್ಚಿದರೆ ಅದು ಹೊತ್ತಿ ಕಹಿಯಾಗುತ್ತದೆ. ಬೆಲ್ಲ, ಜೇನು ಹಾಕಿದ ಮಸಾಲೆಗೂ ಇದೇ ಮಾತು.

ಕೋಳಿಯಲ್ಲಿ ಎದೆಗಿಂತ ಮೂಳೆ ಸಹಿತ ತೊಡೆ ಲೇಸು, ಬೇಗ ಒಣಗುವುದಿಲ್ಲ. ಖಾಲಿ ಬದಿಯಲ್ಲಿಟ್ಟು ಮುಚ್ಚಿ ಬೇಯಿಸಿ, ಕೊನೆಗೆ ಬಣ್ಣಕ್ಕಾಗಿ ಕೆಂಡದ ಮೇಲೆ ತನ್ನಿ. ಬಲಿತ ನಾಟಿಕೋಳಿ ಸಾರಿಗೇ ಸರಿ. ಮಾಂಸಕ್ಕೆ ಚುಚ್ಚಿ ನೋಡುವ ಥರ್ಮಾಮೀಟರ್ ಒಂದನ್ನು ದಯವಿಟ್ಟು ಕೊಳ್ಳಿ. ಕೋಳಿಯ ಒಳಗಿನ ಶಾಖ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಮೇಲಿನ ಬಣ್ಣ ನೋಡಿ ನಂಬುವಂತಿಲ್ಲ. ಸೂಳೆಕೆರೆಯ ಮೀನು ಸಿಕ್ಕ ದಿನ ಬಾಳೆಎಲೆಯಲ್ಲಿ ಸುತ್ತಿ ಇಡಿ, ಜಾಲರಿಗೆ ಅಂಟುವುದಿಲ್ಲ.

ಇನ್ನು ಹೊಗೆಯಲ್ಲಿ ಬೇಯಿಸುವುದು. ನನಗೆ ಈ ಒಲೆಯಲ್ಲಿ ತುಂಬ ಇಷ್ಟವಾದ ಕೆಲಸ ಇದೇ. ಚಿತ್ರದುರ್ಗ ಸೀಮೆಯ ಕುರಿ ಬಯಲಲ್ಲಿ ನಡೆದು ಮೇಯ್ದದ್ದು, ಅದರ ಭುಜದ ಮಾಂಸ ಗಟ್ಟಿ. ಜೋರು ಕೆಂಡಕ್ಕೆ ಹಾಕಿದರೆ ಇನ್ನೂ ಬಿಗಿಯುತ್ತದೆ, ನಿಧಾನದ ಕಾವಿಗೆ ಮಾತ್ರ ಒಲಿಯುತ್ತದೆ. ಎರಡು ಕಿಲೋದ ಭುಜವನ್ನು ಮೂಳೆ ಸಹಿತ ತಂದು ಹಿಂದಿನ ರಾತ್ರಿಯೇ ಉಪ್ಪು ಹಚ್ಚಿ ಫ್ರಿಜ್ಜಿನಲ್ಲಿಡಿ. ಪಪ್ಪಾಯಿ ಕಾಯಿಯ ಅರಪನ್ನು ಇಲ್ಲಿ ಬಳಸಬೇಡಿ, ಅದು ಸಣ್ಣ ತುಂಡುಗಳಿಗೆ, ಅದೂ ಒಂದೆರಡು ಗಂಟೆಗೆ ಮಾತ್ರ. ಹೆಚ್ಚು ಹೊತ್ತಾದರೆ ಮಾಂಸ ಹಿಟ್ಟಾಗುತ್ತದೆ. ಒಲೆಯಲ್ಲಿ ಒಂದು ಬದಿಗೆ ಸ್ವಲ್ಪವೇ ಕೆಂಡ, ಇನ್ನೊಂದು ಬದಿಗೆ ನೀರಿನ ತಟ್ಟೆ, ಅದರ ಮೇಲೆ ಮಾಂಸ. ಮುಚ್ಚಳದ ಗಾಳಿಕಂಡಿ ಮಾಂಸದ ನೆತ್ತಿಗೆ ಬರಲಿ, ಹೊಗೆ ಮಾಂಸವನ್ನು ಸವರಿಕೊಂಡೇ ಹೊರಹೋಗುತ್ತದೆ. ಒಳಗಿನ ಕಾವು 110ರಿಂದ 130 ಡಿಗ್ರಿಯ ನಡುವೆ ನಿಲ್ಲಬೇಕು. ಏರಿದರೆ ತಳದ ಕಂಡಿಯನ್ನು ಕಿರಿದು ಮಾಡಿ, ಇಳಿದರೆ ಅಗಲಿಸಿ. ಮೇಲಿನದನ್ನು ಪೂರ್ತಿ ಮುಚ್ಚಬೇಡಿ, ಒಳಗೇ ಕಟ್ಟಿದ ಹೊಗೆ ಮಾಂಸವನ್ನು ಕಹಿ ಮಾಡುತ್ತದೆ. ಗಾಳಿ ಬೀಸುವ ದಿಕ್ಕಿಗೆ ತಳದ ಕಂಡಿ ಬಾಯಿ ತೆರೆದಿದ್ದರೆ ಕಾವು ಹಿಡಿತಕ್ಕೆ ಸಿಗದು, ಒಲೆಯನ್ನೇ ತಿರುಗಿಸಿಡಿ.

ಹೊಗೆಗೆ ಸೀಬೆ, ಮಾವು, ಹುಣಸೆಯ ಒಣಗಿದ ತುಂಡು ಎರಡೋ ಮೂರೋ ಸಾಕು. ನೆನೆಸಬೇಡಿ, ಒಣಗಿದ್ದನ್ನೇ ಕೆಂಡದ ಮೇಲಿಡಿ. ಕಾಳು ಬಿಡಿಸಿ ಉಳಿದ ಮೆಕ್ಕೆಜೋಳದ ಬೆಂಡು ಇನ್ನೂ ಮೃದುವಾದ ಹೊಗೆ ಕೊಡುತ್ತದೆ. ಅಮೆರಿಕದ ವರ್ಮಾಂಟ್‌ನಲ್ಲಿ ಹಂದಿಮಾಂಸಕ್ಕೆ ಅದರದೇ ಹೊಗೆ ಕೊಡುವ ರೂಢಿಯಿದೆ, ನಮ್ಮಲ್ಲಿ ಅದು ರಾಶಿರಾಶಿ ಬಿದ್ದಿರುತ್ತದೆ. ಜಾಲಿಯ ಸೌದೆಯ ಹೊಗೆ ಗಾಢ, ಒಂದು ಚೂರು ಮೀರಬಾರದು. ಬೇವು, ನೀಲಗಿರಿ ಬೇಡ. ಕಣಗಿಲೆಯಂತೂ ವಿಷ, ಅದರ ಕಡ್ಡಿಗೆ ಮಾಂಸ ಪೋಣಿಸುವುದೂ ಕೂಡದು. ಪ್ಲೈವುಡ್, ಬಣ್ಣ ಬಳಿದ ಹಲಗೆ ಹತ್ತಿರವೂ ಬರಬಾರದು. ತೆಳ್ಳಗೆ ನೀಲಿ ಛಾಯೆಯ ಹೊಗೆ ಬರುತ್ತಿದ್ದರೆ ಬೆಂಕಿ ಸರಿಯಾಗಿದೆ ಎಂದರ್ಥ, ದಟ್ಟ ಬಿಳಿ ಹೊಗೆಯಿದ್ದರೆ ಗಾಳಿ ಸಾಲದು.

ಮಾಂಸದ ಒಳಶಾಖ 65ರಿಂದ 70 ಡಿಗ್ರಿಗೆ ಬಂದು ಗಂಟೆಗಟ್ಟಲೆ ಅಲ್ಲೇ ನಿಂತುಬಿಡುತ್ತದೆ. ಮಾಂಸದ ನೀರು ಆವಿಯಾಗುತ್ತಾ ಅದನ್ನು ತಂಪು ಮಾಡುತ್ತಿರುತ್ತದೆ, ಹೆದರಬೇಡಿ, ಕೆಂಡ ಜೋರು ಮಾಡಬೇಡಿ. ಐದಾರು ಗಂಟೆ ಕೈಯಲ್ಲಿಟ್ಟುಕೊಂಡು, ನಡುನಡುವೆ ಹೊತ್ತಿಸಿದ ಇದ್ದಿಲು ಒಂದಿಷ್ಟು ಸೇರಿಸುತ್ತಿರಿ. 90 ದಾಟಿ 95ರ ಹತ್ತಿರ ಬಂದಾಗ ಮೂಳೆ ತಾನಾಗಿ ಬಿಟ್ಟುಕೊಡುತ್ತದೆ. ಇಳಿಸಿ, ಅರ್ಧ ಗಂಟೆ ಮುಚ್ಚಿಟ್ಟು ಆಮೇಲೆ ಬಿಡಿಸಿ. ಮಂಡಕ್ಕಿಯ ಮೇಲೆ ಉದುರಿಸಿ, ಈರುಳ್ಳಿ, ನಿಂಬೆರಸ ಹಾಕಿ ಕೊಟ್ಟು ನೋಡಿ, ಮಕ್ಕಳು ತಟ್ಟೆ ಬಿಟ್ಟೇಳುವುದಿಲ್ಲ.

ಒಲೆಯನ್ನು ಮಾಳಿಗೆಯ ಮೇಲಿಡುವುದಾದರೆ ಅಡಿಗೆ ಇಟ್ಟಿಗೆ ಹಾಸಿ, ಪಕ್ಕದಲ್ಲಿ ಒಂದು ಬಕೆಟ್ ಮರಳು ಇರಲಿ. ಮಳೆ ಬಂತೆಂದು ಕೆಂಡವಿರುವ ಒಲೆಯನ್ನು ಮನೆಯೊಳಗೆ ಎಳೆದುಕೊಳ್ಳುವುದನ್ನು ನಾನು ಕೈಮುಗಿದು ಬೇಡವೆನ್ನುತ್ತೇನೆ. ಇದ್ದಿಲಿನಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಏಪ್ರಿಲ್‌ನ ಬಿಸಿಲಲ್ಲಿ ಹಸಿ ಮಾಂಸ ಒಂದು ಗಂಟೆಗಿಂತ ಹೆಚ್ಚು ಹೊರಗಿರಬಾರದು, ಅದನ್ನಿಟ್ಟಿದ್ದ ತಟ್ಟೆಗೆ ಬೆಂದದ್ದನ್ನು ತೊಳೆಯದೆ ಹಾಕಬಾರದು. ಜಾಲರಿ ಉಜ್ಜಲು ತಂತಿ ಬ್ರಷ್ಷಿನ ಬದಲು ಅರ್ಧ ಈರುಳ್ಳಿಯನ್ನು ಮುಳ್ಳುಚಮಚಕ್ಕೆ ಚುಚ್ಚಿ ಬಿಸಿಯಿರುವಾಗಲೇ ಉಜ್ಜಿ. ಉದುರಿದ ತಂತಿ ಊಟದಲ್ಲಿ ಸೇರಿ ಗಂಟಲಿಗೆ ಚುಚ್ಚಿದ ಪ್ರಸಂಗಗಳಿವೆ.

ಊಟ ಮುಗಿದ ಮೇಲೆ ನೀರು ಸುರಿಯಬೇಡಿ. ಎರಡೂ ಕಂಡಿ ಮುಚ್ಚಿಬಿಡಿ, ಕೆಂಡ ತಾನೇ ಆರುತ್ತದೆ, ಉಳಿದ ಇದ್ದಿಲು ಮುಂದಿನ ಸಲಕ್ಕೆ ಬರುತ್ತದೆ. ಬೂದಿಯೊಳಗೆ ಕೆಂಡ ಮರುದಿನದವರೆಗೂ ಜೀವಂತವಿರಬಹುದು, ಆದ್ದರಿಂದ ಪ್ಲಾಸ್ಟಿಕ್ ಬುಟ್ಟಿಗೆ ಸುರಿಯದೆ ಕಬ್ಬಿಣದ ಡಬ್ಬಿಯಲ್ಲಿ ಮುಚ್ಚಿಡಿ. ಮಳೆಗಾಲಕ್ಕೆ ಮೊದಲು ಬೂದಿ ಪೂರ್ತಿ ತೆಗೆದು, ಜಾಲರಿಗೆ ಶೇಂಗಾ ಎಣ್ಣೆ ಸವರಿ, ಒಲೆಯನ್ನು ಒಣ ಜಾಗದಲ್ಲಿಡಿ. ತೇವ ಹಿಡಿದ ಬೂದಿ ತಗಡನ್ನು ತಿಂದುಹಾಕುತ್ತದೆ.