ಡೊಮೇನ್ ಕಂಟ್ರೋಲರ್ ಕೈಕೊಟ್ಟರೂ ಆಫೀಸು ನಿಲ್ಲದಂತೆ ನೋಡಿಕೊಳ್ಳುವುದು ಹೇಗೆ?

ಮೇ ತಿಂಗಳ ಒಂದು ಸಂಜೆ ಹುಬ್ಬಳ್ಳಿಯಲ್ಲಿ ಗುಡುಗು, ಸಿಡಿಲಿನ ಮಳೆ. ಮರುದಿನ ಬೆಳಿಗ್ಗೆ ಅಮರಗೋಳ ಕಡೆಯ ಒಂದು ವ್ಯಾಪಾರಿ ಕಚೇರಿಯಿಂದ ಫೋನು ಬಂತು. ‘ಸರ್ರ, ದೊಡ್ಡ ಸರ್ವರ್ ಚಾಲೂನ ಆಗವಲ್ದ್ರಿ. ಬಿಲ್ ಹೊಂಟಿಲ್ಲ, ಲಾರಿ ಲೋಡಾಗಿ ನಿಂತಾವ್ರಿ.’

ಆ ದೊಡ್ಡ ಸರ್ವರ್ ಡೊಮೇನ್ ಕಂಟ್ರೋಲರ್, ಎಂದರೆ ಆಫೀಸಿನವರ ಲಾಗಿನ್ ಕಾಯುವ ಸರ್ವರ್. ಆ ಕಚೇರಿಯಲ್ಲಿ ಅಂಥದ್ದೇ ಎರಡನೆಯದೂ ಇತ್ತು. ಹೋಗಿ ನೋಡಿದರೆ ಅದು ತನ್ನ ಪಾಡಿಗೆ ಓಡುತ್ತಲೇ ಇತ್ತು. ಬಿಲ್ಲಿನ ಡೇಟಾ ಇದ್ದ ಫೈಲ್ ಸರ್ವರ್ ಬೇರೆಯದು, ಅದಕ್ಕೂ ಏನೂ ಆಗಿರಲಿಲ್ಲ. ಇಂಟರ್ನೆಟ್ ಕೂಡ ಬರುತ್ತಿತ್ತು. ಆದರೂ ಶೇರ್ಡ್ ಫೋಲ್ಡರ್ ತೆರೆದರೆ ಡೊಮೇನ್ ಸಿಗುತ್ತಿಲ್ಲ ಎಂಬ ಉತ್ತರ. ಒಂದು ಕಂಪ್ಯೂಟರಿನ ಮುಂದೆ ಕುಳಿತು ‘ಐಪಿಕಾನ್ಫಿಗ್ /ಆಲ್’ ಎಂಬ ಕಮಾಂಡ್ ಬರೆದೆ. ಡಿಎನ್‌ಎಸ್ ಸರ್ವರ್ (ಹೆಸರು ಹೇಳಿದರೆ ಅದರ ವಿಳಾಸ ಹುಡುಕಿ ಕೊಡುವುದು) ಎಂಬಲ್ಲಿ ಎರಡು ಸಾಲು. ಮೊದಲನೆಯದು ಸತ್ತ ಸರ್ವರಿನ ವಿಳಾಸ, ಎರಡನೆಯದು 8.8.8.8, ಅಂದರೆ ಹೊರಗಿನ ಗೂಗಲ್ ಡಿಎನ್‌ಎಸ್. ಬದುಕಿದ್ದ ಸರ್ವರಿನ ವಿಳಾಸ ಎಲ್ಲೂ ಇರಲಿಲ್ಲ. ರೂಟರ್‌ನಲ್ಲಿ ಆ ಎರಡನೇ ಸಾಲು ತಿದ್ದಿ, ಕಂಪ್ಯೂಟರ್‌ಗಳನ್ನು ಒಂದೊಂದಾಗಿ ರಿಸ್ಟಾರ್ಟ್ ಮಾಡಿಸಿದ ಮೇಲೆ ಬಿಲ್ಲು ಹೊರಡತೊಡಗಿದವು.

ಅವಳಿ ನಗರದ ಸಣ್ಣ ಕಚೇರಿಗಳಲ್ಲಿ ನಾನು ಹೆಚ್ಚು ಕಂಡ ತಪ್ಪು ಇದೇ. ದುಡ್ಡು ಹಾಕಿ ಎರಡನೇ ಸರ್ವರ್ ತರುತ್ತಾರೆ, ಅದು ಎಲ್ಲಿದೆ ಎಂದು ಕಂಪ್ಯೂಟರ್‌ಗಳಿಗೆ ಹೇಳುವುದಿಲ್ಲ.

ಡೊಮೇನ್ ಕಂಟ್ರೋಲರ್ ಎಂದರೆ ಆಫೀಸಿನ ಹಳೇ ಗುಮಾಸ್ತನಂತೆ. ಯಾರು ಒಳಗಿನವರು, ಯಾರಿಗೆ ಯಾವ ಕಪಾಟಿನ ಕೀಲಿ ಎಂಬ ಲೆಕ್ಕ ಅವನ ಹತ್ತಿರ. ವಿಂಡೋಸ್ 2000 ಸರ್ವರ್ ಜೊತೆ ಬಂದ ಆ್ಯಕ್ಟಿವ್ ಡೈರೆಕ್ಟರಿಯಲ್ಲಿ ಈ ಲೆಕ್ಕವೆಲ್ಲ ಕೂತಿದೆ. ಕಂಪ್ಯೂಟರು ಈ ಗುಮಾಸ್ತನನ್ನು ಹುಡುಕುವುದು ಡಿಎನ್‌ಎಸ್ ಕೇಳಿಯೇ. ಹಾಗಾಗಿ ಎಲ್ಲ ಕೆಲಸವೂ ಡಿಎನ್‌ಎಸ್‌ನಿಂದ ಶುರುವಾಗಬೇಕು.

ಸರ್ವರ್ ಬಿದ್ದ ಮೊದಲ ಅರ್ಧ ಗಂಟೆ

ಗಾಬರಿಯಲ್ಲಿ ಎಲ್ಲರೂ ಮಾಡುವ ಮೊದಲ ಕೆಲಸ ತಮ್ಮ ಕಂಪ್ಯೂಟರ್ ಆರಿಸಿ ಹಚ್ಚುವುದು. ಅದನ್ನು ತಡೆಯಿರಿ. ಬೆಳಿಗ್ಗೆಯೇ ಲಾಗಿನ್ ಆದವರ ಹತ್ತಿರ ಕರ್ಬರೋಸ್ ಟಿಕೆಟ್ (ಲಾಗಿನ್ ಆದಾಗ ಸಿಗುವ ಒಳಗಿನ ಪಾಸು) ಇರುತ್ತದೆ. ಸಾಮಾನ್ಯವಾಗಿ ಅದರ ಆಯುಷ್ಯ 10 ಗಂಟೆ. ಆಗಲೇ ತೆರೆದ ಫೋಲ್ಡರ್, ಹಚ್ಚಿದ ಪ್ರಿಂಟರ್ ಸಂಜೆಯವರೆಗೂ ನಡೆದೀತು. ಲಾಗ್‌ಆಫ್ ಆದರೆ ಆ ಟಿಕೆಟ್ ಹೋಯಿತು. ಹಿಂದೆ ಲಾಗಿನ್ ಆದವರನ್ನು ವಿಂಡೋಸ್ ನೆನಪಿಟ್ಟುಕೊಳ್ಳುತ್ತದೆ (ತಾನಾಗಿ 10 ಜನರನ್ನು), ಆದ್ದರಿಂದ ಅವರು ಮತ್ತೆ ಡೆಸ್ಕ್‌ಟಾಪ್‌ವರೆಗೆ ಬರಬಹುದು. ಆದರೆ ಆ ಕಂಪ್ಯೂಟರಿನಲ್ಲಿ ಎಂದೂ ಕೂರದವರು ಇವತ್ತು ಕೂರುವಂತಿಲ್ಲ. ಪಾಸ್‌ವರ್ಡ್ ಬದಲಿಸುವುದನ್ನೂ ನಿಲ್ಲಿಸಿಬಿಡಿ.

ಆಮೇಲೆ ಎರಡನೇ ಸರ್ವರ್ ಬದುಕಿದೆಯೇ ನೋಡಿ. ಬದುಕಿದ್ದರೆ ಅದರ ವಿಳಾಸ ಡಿಎನ್‌ಎಸ್ ಸಾಲಿನಲ್ಲಿದೆಯೇ ನೋಡಿ, ಇಲ್ಲದಿದ್ದರೆ ಸೇರಿಸಿ. ರಿಸ್ಟಾರ್ಟ್ ಮಾಡುವುದು ಇದಾದ ನಂತರ.

ಕಂಪ್ಯೂಟರ್‌ಗಳಿಗೆ ಐಪಿ ವಿಳಾಸ ಹಂಚುವ ಡಿಎಚ್‌ಸಿಪಿಯೂ ಸತ್ತ ಸರ್ವರಿನಲ್ಲೇ ಇತ್ತೇ? ತಕ್ಷಣ ಹೆದರಬೇಕಾಗಿಲ್ಲ. ವಿಂಡೋಸ್ ಡಿಎಚ್‌ಸಿಪಿ ಕೊಟ್ಟ ವಿಳಾಸ ಸಾಮಾನ್ಯವಾಗಿ 8 ದಿನ ಬಾಳುತ್ತದೆ. ಹೊಸದಾಗಿ ಹಚ್ಚಿದ ಲ್ಯಾಪ್‌ಟಾಪಿಗೆ ಮಾತ್ರ 169.254ರಿಂದ ಶುರುವಾಗುವ ವಿಳಾಸ ಬಂದು ಅದು ಒಂಟಿಯಾಗುತ್ತದೆ. ಅಷ್ಟರೊಳಗೆ ರೂಟರಿನ ಡಿಎಚ್‌ಸಿಪಿ ಹಚ್ಚಿಕೊಳ್ಳಬಹುದು. ಆದರೆ ಹಳೆಯ ವಿಳಾಸಗಳ ಮೇಲೆ ಬೀಳದ ಬೇರೆ ಸಾಲು ಕೊಡಿ, ಡಿಎನ್‌ಎಸ್ ಜಾಗದಲ್ಲಿ ಬದುಕಿರುವ ಸರ್ವರನ್ನು ತೋರಿಸಿ. ದೊಡ್ಡ ಸರ್ವರ್ ಎದ್ದ ದಿನ ರೂಟರಿನದನ್ನು ಮರೆಯದೆ ಆರಿಸಿ.

ಎರಡು ಸಾಲಿನ ಡಿಎನ್‌ಎಸ್

ಎರಡನೇ ಸಾಲಿಗೆ 8.8.8.8 ಹಾಕಿದರೆ ಇಂಟರ್ನೆಟ್ಟಾದರೂ ಉಳಿಯುತ್ತದೆ ಎಂದು ಬಹಳ ಜನ ವಾದಿಸುತ್ತಾರೆ. ನನ್ನ ಪ್ರಕಾರ ಇದು ಉಪಕಾರಕ್ಕಿಂತ ಅಪಾಯವೇ. ಮೊದಲ ಸಾಲಿನಿಂದ ಉತ್ತರ ಬರದಿದ್ದರೆ ಕಂಪ್ಯೂಟರು ಎರಡನೆಯದನ್ನು ಕೇಳುತ್ತದೆ. ಹೊರಗಿನ ಡಿಎನ್‌ಎಸ್‌ಗೆ ನಿಮ್ಮ ಆಫೀಸಿನ ಡೊಮೇನ್ ಯಾವುದೆಂದೇ ಗೊತ್ತಿಲ್ಲ, ‘ಅಂಥ ಹೆಸರಿಲ್ಲ’ ಎಂದುಬಿಡುತ್ತದೆ. ಅಲ್ಲಿಗೆ ಹುಡುಕಾಟ ಮುಗಿಯಿತು. ಸರ್ವರ್ ಚೆನ್ನಾಗಿರುವ ದಿನವೂ ಒಂದು ಕ್ಷಣ ತಡವಾದರೆ ಇದೇ ಕಾಟ, ‘ಒಮ್ಮೊಮ್ಮೆ ಲಾಗಿನ್ ಆಗೂದಿಲ್ರಿ’ ಎಂಬ ದೂರಿನ ಬೇರು ಎಷ್ಟೋ ಸಲ ಇಲ್ಲೇ ಇರುತ್ತದೆ. ಕಂಪ್ಯೂಟರ್‌ಗಳಲ್ಲಿ ನಿಮ್ಮ ಎರಡು ಡೊಮೇನ್ ಕಂಟ್ರೋಲರ್‌ಗಳ ವಿಳಾಸ ಮಾತ್ರ ಇರಲಿ. 8.8.8.8 ಬೇಕಿದ್ದರೆ ಅದನ್ನು ಸರ್ವರಿನ ಡಿಎನ್‌ಎಸ್‌ನಲ್ಲಿ ಫಾರ್ವರ್ಡರ್ (ತನಗೆ ಗೊತ್ತಿಲ್ಲದ ಹೆಸರನ್ನು ಸರ್ವರ್ ಕೇಳುವ ಜಾಗ) ಆಗಿ ಹಾಕಿ, ಅದರ ಜಾಗ ಅದು.

ಎರಡನೇ ಸರ್ವರಿನಲ್ಲೂ ಡಿಎನ್‌ಎಸ್ ಓಡುತ್ತಿರಬೇಕು, ‘ಗ್ಲೋಬಲ್ ಕ್ಯಾಟಲಾಗ್’ (ಇಡೀ ಆ್ಯಕ್ಟಿವ್ ಡೈರೆಕ್ಟರಿಯ ಸೂಚಿ) ಎಂಬಲ್ಲಿ ಟಿಕ್ ಇರಬೇಕು.

ಹುಬ್ಬಳ್ಳಿಯಲ್ಲೊಂದು, ಧಾರವಾಡದ ಶಾಖೆಯಲ್ಲೊಂದು ಸರ್ವರ್ ಇಟ್ಟುಕೊಂಡವರು ಇನ್ನೊಂದು ಗಮನಿಸಬೇಕು. ಆ್ಯಕ್ಟಿವ್ ಡೈರೆಕ್ಟರಿಯಲ್ಲಿ ಎರಡು ಊರನ್ನು ಎರಡು ಸೈಟ್ (ಬೇರೆ ಬೇರೆ ಜಾಗ) ಮಾಡಿದ್ದರೆ, ಅವು ಒಂದಕ್ಕೊಂದು ಲೆಕ್ಕ ಒಪ್ಪಿಸಿಕೊಳ್ಳುವುದು (ರೆಪ್ಲಿಕೇಶನ್) ತಾನಾಗಿ 180 ನಿಮಿಷಕ್ಕೊಮ್ಮೆ. ಹುಬ್ಬಳ್ಳಿಯಲ್ಲಿ 11 ಗಂಟೆಗೆ ಹೊಸಬರ ಖಾತೆ ತೆರೆದು, 12ಕ್ಕೆ ಸರ್ವರ್ ಸುಟ್ಟರೆ ಆ ಖಾತೆ ಧಾರವಾಡ ಮುಟ್ಟಿರಲಿಕ್ಕಿಲ್ಲ. ಈ ಅಂತರವನ್ನು 15 ನಿಮಿಷಕ್ಕೆ ಇಳಿಸಬಹುದು, ಇಳಿಸಿ. ವಾರಕ್ಕೊಮ್ಮೆ ‘ರೆಪ್‌ಅಡ್ಮಿನ್ /ರೆಪ್ಲ್‌ಸಮರಿ’ ಎಂಬ ಕಮಾಂಡ್ ಓಡಿಸಿ ತಪ್ಪುಗಳ ಕಾಲಂ ಸೊನ್ನೆ ಇದೆಯೇ ನೋಡಿ.

ಐದು ಹೊಣೆ, ಒಂದು ನಿರ್ಧಾರ

ಎರಡು ಸರ್ವರೂ ಸಮಾನವಾದರೂ ಐದು ವಿಶೇಷ ಹೊಣೆಗಳಲ್ಲಿ (ಎಫ್‌ಎಸ್‌ಎಂಒ) ಪ್ರತಿಯೊಂದೂ ಒಂದೇ ಸರ್ವರಿನ ಬಳಿ ಇರುತ್ತದೆ. ಸಣ್ಣ ಕಚೇರಿಯಲ್ಲಿ ಐದೂ ಮೊದಲ ಸರ್ವರಿನಲ್ಲೇ ಇರುವುದು ವಾಡಿಕೆ. ಅದು ಬಿದ್ದ ಕೂಡಲೇ ಇವನ್ನು ಕಿತ್ತುಕೊಳ್ಳಬೇಕು ಎಂದು ಅವಸರ ಮಾಡುವವರಿದ್ದಾರೆ. ಬೇಡ. ಪವರ್ ಸಪ್ಲೈ ಸುಟ್ಟು ನಾಡಿದ್ದು ಹೊಸದು ಬರುವುದಿದ್ದರೆ ಸುಮ್ಮನಿರಿ. ನಿತ್ಯದ ಲಾಗಿನ್ ಆ ಹೊಣೆಗಳಿಲ್ಲದೆಯೂ ನಡೆಯುತ್ತದೆ. ಬೇಗ ಕೊರತೆ ಕಾಣುವುದು ಪಿಡಿಸಿ ಎಮ್ಯುಲೇಟರ್ ಎಂಬ ಹೊಣೆಯದು. ಎಲ್ಲ ಗಡಿಯಾರ ಕೊನೆಗೆ ಅದನ್ನೇ ನೋಡಿ ನಡೆಯುತ್ತವೆ, ಸಮಯ 5 ನಿಮಿಷಕ್ಕಿಂತ ಹೆಚ್ಚು ತಪ್ಪಿದರೆ ಕರ್ಬರೋಸ್ ಒಳಗೆ ಬಿಡುವುದಿಲ್ಲ. ಸರ್ವರ್ ಮತ್ತೆ ಎದ್ದಾಗಲೂ ಮೊದಲು ತಾರೀಖು ನೋಡಿ. ಮದರ್‌ಬೋರ್ಡಿನ ಬಿಲ್ಲೆಯಂಥ ಸೆಲ್ ಸತ್ತು, ಕರೆಂಟ್ ಹೋದ ಮೇಲೆ ಹಳೇ ವರ್ಷಕ್ಕೆ ಜಾರಿದ ಸರ್ವರ್ ಇಡೀ ಆಫೀಸನ್ನು ಹೊರಗೆ ನಿಲ್ಲಿಸಿದ್ದನ್ನು ಕಂಡಿದ್ದೇನೆ.

ಹಾರ್ಡ್‌ಡಿಸ್ಕ್ ಪೂರ್ತಿ ಹೋಗಿದೆ, ಹಳೆಯದು ಇನ್ನು ಏಳುವುದಿಲ್ಲ ಎಂದು ಖಾತ್ರಿಯಾದ ಮೇಲೆ ‘ಎನ್‌ಟಿಡಿಎಸ್‌ಯುಟಿಲ್’ ಎಂಬ ಕಮಾಂಡ್ ಬಳಸಿ ಹೊಣೆಗಳನ್ನು ಕಿತ್ತುಕೊಳ್ಳಿ. ಆ ಗಳಿಗೆಯಿಂದ ಹಳೆಯ ಸರ್ವರ್ ಮತ್ತೆ ನೆಟ್‌ವರ್ಕ್ ಮುಟ್ಟಬಾರದು. ಕೇಬಲ್ ಕಿತ್ತು, ಮೈಮೇಲೆ ಮಾರ್ಕರಿನಿಂದ ‘ಹಚ್ಚಬೇಡಿ’ ಎಂದು ಬರೆದಿಡಿ. ಪಾಪ, ಯಾರಾದರೂ ಒಳ್ಳೇ ಮನಸ್ಸಿನಿಂದಲೇ ರಿಪೇರಿ ಮಾಡಿಸಿ ತಂದು ಹಚ್ಚಿಬಿಡುತ್ತಾರೆ. ನಂತರ ಆ್ಯಕ್ಟಿವ್ ಡೈರೆಕ್ಟರಿಯಿಂದ ಸತ್ತ ಸರ್ವರಿನ ಹೆಸರು ಅಳಿಸಿ, ಡಿಎನ್‌ಎಸ್‌ನಲ್ಲಿ ಉಳಿದ ಅದರ ದಾಖಲೆಗಳನ್ನೂ ತೆಗೆಯಿರಿ.

ಒಂದೇ ಸರ್ವರ್ ಇದ್ದವರಿಗೆ

ಇವರ ಕೈ ಹಿಡಿಯುವುದು ಸಿಸ್ಟಮ್ ಸ್ಟೇಟ್ ಬ್ಯಾಕಪ್ (ಆ್ಯಕ್ಟಿವ್ ಡೈರೆಕ್ಟರಿಯೂ ಸೇರಿದ ಸರ್ವರಿನ ಒಳಲೆಕ್ಕದ ನಕಲು) ಒಂದೇ. ವಿಂಡೋಸ್ ಸರ್ವರ್ ಬ್ಯಾಕಪ್‌ನಿಂದ ದಿನಾ ರಾತ್ರಿ ಹೊರಗಿನ ಡಿಸ್ಕಿಗೆ ತೆಗೆಯಬಹುದು. ಸಾಮಾನ್ಯ ಹೊಂದಿಕೆಯಲ್ಲಿ 180 ದಿನಕ್ಕಿಂತ ಹಳೆಯ ಬ್ಯಾಕಪ್ ಉಪಯೋಗಕ್ಕೆ ಬಾರದು. ಬ್ಯಾಕಪ್ ಮರಳಿಸಲು ಡಿಎಸ್‌ಆರ್‌ಎಂ (ಆ್ಯಕ್ಟಿವ್ ಡೈರೆಕ್ಟರಿ ಮರಳಿಸುವಾಗ ಸರ್ವರ್ ಹಚ್ಚುವ ವಿಶೇಷ ಸ್ಥಿತಿ) ಪಾಸ್‌ವರ್ಡ್ ಬೇಕು. ಸರ್ವರ್ ಕೂಡಿಸಿದ ದಿನ ಒಮ್ಮೆ ಕೊಟ್ಟು ಎಲ್ಲರೂ ಮರೆಯುವ ಪಾಸ್‌ವರ್ಡ್ ಅದು. ಸರ್ವರ್ ಏಳುವವರೆಗೆ ಬಿಲ್ಲಿನ ಒಂದೆರಡು ಕಂಪ್ಯೂಟರ್‌ಗೆ ಹೊರಗಿನ ಡಿಎನ್‌ಎಸ್ ಕೊಟ್ಟು ಇಂಟರ್ನೆಟ್ ನಡೆಸಬಹುದು, ಎದ್ದ ಮೇಲೆ ತೆಗೆದುಬಿಡಿ. ಟ್ಯಾಲಿ ಡೇಟಾ ಕೂಡ ಅದೇ ಸರ್ವರಿನಲ್ಲಿದ್ದರೆ ಅದಕ್ಕೆ ಬೇರೆ ಬ್ಯಾಕಪ್ ಇರಲಿ. ಎರಡನೇ ಡೊಮೇನ್ ಕಂಟ್ರೋಲರ್ ತಂದರೂ ಅದು ಹೆಸರು, ಪಾಸ್‌ವರ್ಡ್ ಕಾಯುತ್ತದೆಯೇ ಹೊರತು ಟ್ಯಾಲಿಯನ್ನಲ್ಲ.

ರವಿವಾರದ ಪರೀಕ್ಷೆ

ಮಳೆ ಶುರುವಾಗುವ ಮುಂಚೆ ಒಂದು ರವಿವಾರ ಮೊದಲ ಸರ್ವರನ್ನು ಕ್ರಮವಾಗಿ ಶಟ್‌ಡೌನ್ ಮಾಡಿ. ಒಂದು ಕಂಪ್ಯೂಟರ್ ರಿಸ್ಟಾರ್ಟ್ ಮಾಡಿ, ಅದರಲ್ಲಿ ಎಂದೂ ಕೂರದ ಒಬ್ಬರಿಂದ ಲಾಗಿನ್ ಮಾಡಿಸಿ. ‘ಸೆಟ್ ಲಾಗಾನ್‌ಸರ್ವರ್’ ಎಂದು ಬರೆದರೆ ಎರಡನೇ ಸರ್ವರಿನ ಹೆಸರು ಬರಬೇಕು. ಶೇರ್ಡ್ ಫೋಲ್ಡರ್ ತೆರೆಯಿರಿ, ಒಂದು ಪ್ರಿಂಟ್ ಕೊಡಿ, ಮೊಬೈಲಿನಲ್ಲಿ ವೈಫೈ ಹಚ್ಚಿ ನೋಡಿ. ಎಲ್ಲಿ ನಿಂತಿತೋ ಅದನ್ನು ಆಗಲೇ ಸರಿಮಾಡಿ, ಮೊದಲ ಸರ್ವರ್ ಹಚ್ಚಿ, ಅರ್ಧ ಗಂಟೆ ಬಿಟ್ಟು ರೆಪ್ಲಿಕೇಶನ್ ಪರೀಕ್ಷಿಸಿ. ಎರಡೂ ಸರ್ವರಿನ ವಿಳಾಸ, ರೂಟರಿನ ಪಾಸ್‌ವರ್ಡ್, ಡಿಎಸ್‌ಆರ್‌ಎಂ ಪಾಸ್‌ವರ್ಡ್ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು, ಲಕೋಟೆಗೆ ಹಾಕಿ, ಮಾಲೀಕರ ತಿಜೋರಿಯಲ್ಲಿ ಇಡಿಸಿ.