ಹಳ್ಳಿಯಲ್ಲಿ ಖೋಖೋ ಟೀಮ್ ಕಟ್ಟಬೇಕಾ? ಮೊದಲು ಮಕ್ಕಳ ಮನೆಗೆ ಹೋಗಿ

ನಾನು ಮ್ಯಾಚ್ ಆಡೋದು ಬಿಟ್ಟು ಬಹಳ ವರ್ಷ ಆಯಿತು. ಈಗ ಶಿಡ್ಲಘಟ್ಟದ ಕಡೆ ಮಕ್ಕಳಿಗೆ ಖೋಖೋ ಹೇಳಿಕೊಡುತ್ತೇನೆ. ಹೊಸದಾಗಿ ಟೀಮ್ ಕಟ್ಟೋರು ಮೊದಲು ಕೇಳೋದು ಅಂಗಳದ ಅಳತೆ. ಅದು ಸುಲಭ. ದೊಡ್ಡವರ ಅಂಗಳ 27 ಮೀಟರ್ ಉದ್ದ, 16 ಮೀಟರ್ ಅಗಲ. ಎರಡು ತುದಿಗೆ ಕಂಬ ನೆಟ್ಟು ಸುಣ್ಣದ ಗೆರೆ ಎಳೆದರೆ ಆಯಿತು. ಕಲ್ಲುಗಳನ್ನು ಮಾತ್ರ ಕೈಯಲ್ಲೇ ಆರಿಸಿ ತೆಗೆಯಿರಿ, ಬಿದ್ದು ಹಿಡಿಯೋ ಆಟ ಇದು.

ಕಷ್ಟ ಇರೋದು ಮಕ್ಕಳು ದಿನಾ ಬರೋ ಹಾಗೆ ಮಾಡೋದರಲ್ಲಿ. ನಮ್ಮ ಕಡೆ ಹಸು, ರೇಷ್ಮೆ ಎರಡೂ ಇರೋ ಮನೆಗಳೇ ಜಾಸ್ತಿ. ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕಬೇಕು. ರೇಷ್ಮೆ ಹುಳು ನಾಲ್ಕನೇ ಜ್ವರ (ಮೇವು ಬಿಟ್ಟು ಪೊರೆ ಕಳಚೋ ನಿದ್ದೆ) ಎದ್ದ ಮೇಲಂತೂ ಹೆಚ್ಚುಕಡಿಮೆ ಒಂದು ವಾರ ಸೊಪ್ಪು ತರೋದು, ಹಾಕೋದು, ಮತ್ತೆ ತರೋದು, ಇದೇ ಕೆಲಸ. ಹುಳು ಹಣ್ಣಾದ ದಿನ ಚಂದ್ರಿಕೆಗೆ, ಅಂದರೆ ಗೂಡು ಕಟ್ಟೋ ತಟ್ಟೆಗೆ, ಬಿಡೋಕೆ ಮನೆಯವರೆಲ್ಲ ನಿಂತರೂ ಸಾಲದು. ಅವತ್ತು ನೀವು ಹೋಗಿ ಪ್ರಾಕ್ಟೀಸ್ ಇದೆ, ಮಗಳನ್ನು ಕಳಿಸಿ ಅಂದರೆ ಅವರಮ್ಮನಿಗೆ ಸಿಟ್ಟು ಬಾರದೆ ಇರುತ್ತಾ?

ಅದಕ್ಕೇ ಒಂದು ನೋಟ್‌ಬುಕ್ ಇಡಿ. ಯಾರ ಮನೆಗೆ ಚಾಕಿ (ಮರಿಹುಳು) ಯಾವತ್ತು ಬಂತು ಅಂತ ಬರೆದುಕೊಳ್ಳಿ. ಯಾವ ಹುಡುಗಿಗೆ ಯಾವ ವಾರ ರಜೆ ಬೇಕಾಗುತ್ತದೆ ಅಂತ ಮೊದಲೇ ಗೊತ್ತಾಗುತ್ತದೆ. ಅಂಗಳಕ್ಕೆ ಇಳಿಯೋರು 9 ಜನವೇ ಆದರೂ ಇನ್ನೂ ನಾಲ್ಕೈದು ಮಕ್ಕಳನ್ನು ಜೊತೆಯಲ್ಲೇ ತಯಾರು ಮಾಡಿ, ಯಾರೋ ಇಬ್ಬರು ಬರಲಿಲ್ಲ ಅಂತ ಆಟ ನಿಲ್ಲಬಾರದು. ದಾರಿಯಲ್ಲಿ ಸಿಕ್ಕಾಗ "ಏನಕ್ಕಾ, ಹುಳು ಎದ್ದವಾ?" ಅಂತ ಕೇಳಿ. ನಿಮಗೆ ಅವರ ಕಷ್ಟ ಗೊತ್ತು ಅಂತ ಅವರಿಗೆ ಗೊತ್ತಾದರೆ ಬೆಳೆ ಮುಗಿದ ಮಾರನೇ ದಿನ ಮಗಳನ್ನು ಅವರೇ ಕಳಿಸುತ್ತಾರೆ, ನಾನು ನೋಡಿದ್ದೇನೆ.

ಸರ್ಕಾರಿ ಕೆಲಸ ಸಿಗುತ್ತೆ ಅಂತೆಲ್ಲ ಆಸೆ ಹುಟ್ಟಿಸಬೇಡಿ. ನಡೆದಿರೋದನ್ನು ಹೇಳಿ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ನಡೆಯಿತು, ಹೆಣ್ಣುಮಕ್ಕಳು, ಗಂಡುಮಕ್ಕಳು ಎರಡೂ ಕಡೆ ನಾವೇ ಗೆದ್ದೆವು. ಗೆದ್ದ ಹೆಣ್ಣುಮಕ್ಕಳ ಟೀಮಿನಲ್ಲಿ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು. ಹಳ್ಳಿ ಹುಡುಗಿ ಅಂದ ತಕ್ಷಣ ಅಪ್ಪಂದಿರ ಕಿವಿ ನಿಮಿರುತ್ತದೆ.

ಇನ್ನು ಆಟದ ವಿಷಯ. ಮೊದಲ ತಿಂಗಳು ಓಟ ಕಲಿಸಬೇಡಿ, ಕೂರೋದು ಕಲಿಸಿ. ಎಂಟು ಜನ ಕೂತಿರುತ್ತಾರೆ, ಓಡೋದು ಒಬ್ಬಳೇ. ಕೂತವಳು ಮೈಮರೆತರೆ ಓಡಿದವಳ ಶ್ರಮ ಎಲ್ಲ ನೀರುಪಾಲು. ಕಾಲಿನ ಬೆರಳ ಮೇಲೆ ಭಾರ, ಕೈ ಮುಂದೆ ನೆಲಕ್ಕೆ, ಕಣ್ಣು ತಪ್ಪಿಸಿಕೊಂಡು ಓಡೋ ಎದುರಾಳಿ ರನ್ನರ್ ಮೇಲೆ. ಅಂಗೈ ಬೆನ್ನಿಗೆ ತಾಗೋದು, ಬಾಯಲ್ಲಿ 'ಖೋ' ಬರೋದು ಒಟ್ಟಿಗೇ ಆಗಬೇಕು. ಮೊದಲು ಕೂಗಿ ಆಮೇಲೆ ಮುಟ್ಟಿದರೆ ಫೌಲ್. ಇಬ್ಬಿಬ್ಬರನ್ನು ಜೋಡಿ ಮಾಡಿ ದಿನಾ ಇದೊಂದನ್ನೇ ಮಾಡಿಸಿ, ಬೇಜಾರು ಅಂದರೂ ಬಿಡಬೇಡಿ. ಚುರುಕಾಗಿ ಓಡೋಳನ್ನೂ ಅಷ್ಟೇ ಹೊತ್ತು ಕೂರಿಸಿ, ಇಲ್ಲದಿದ್ದರೆ ಟೀಮಿನಲ್ಲಿ ಬೇಗ ಮನಸ್ತಾಪ ಶುರುವಾಗುತ್ತದೆ.

ಬೇರೆ ಊರಿನಲ್ಲಿ ಮ್ಯಾಚ್ ಇದ್ದರೆ ಯಾವ ಬಸ್ಸು, ಜೊತೆಗೆ ಯಾರು, ವಾಪಸ್ ಎಷ್ಟು ಹೊತ್ತಿಗೆ ಅಂತ ಚೀಟಿ ಬರೆದು ಮನೆಮನೆಗೆ ಕೊಡಿ. ಒಬ್ಬರಿಬ್ಬರು ತಾಯಂದಿರನ್ನು ಕರೆದುಕೊಂಡೇ ಹೋಗಿ. ವಾಪಸ್ ಬಂದಾಗ ಬಸ್ ಸ್ಟ್ಯಾಂಡಿನಲ್ಲಿ ಬಿಟ್ಟು ಹೋಗಬೇಡಿ, ಒಬ್ಬೊಬ್ಬರನ್ನೂ ಮನೆ ಬಾಗಿಲಿಗೆ ಮುಟ್ಟಿಸಿ, ನಾಳೆ ಪ್ರಾಕ್ಟೀಸ್ ಎಷ್ಟು ಗಂಟೆಗೆ ಅಂತ ಅಲ್ಲೇ ಹೇಳಿ ಬನ್ನಿ.