ಬೋರ್‌ವೆಲ್ ಹುಡಿಯಲ್ಲಿ ಭೂಮಿಯ ಹೊರಪದರವನ್ನು ಓದುವ ಬಗೆ

ಮಂಡ್ಯ ಜಿಲ್ಲೆಯಲ್ಲಿ ಬೋರ್‌ವೆಲ್ ಕೊರೆಸುವ ದಿನ ಹೊಲದಲ್ಲಿ ನೆರೆದವರೆಲ್ಲರ ಕಣ್ಣು ಕೊಳವೆಯ ಬಾಯಿಯ ಮೇಲೇ ಇರುತ್ತದೆ. ನೀರು ಬಂದರೆ ಹಬ್ಬ, ಬಾರದಿದ್ದರೆ ಸಾಲ. ಕಂಪ್ರೆಸರ್ ಊದಿ ಹೊರಚೆಲ್ಲುವ ಕಲ್ಲಿನ ಹುಡಿಯನ್ನು ಯಾರೂ ತಿರುಗಿಯೂ ನೋಡುವುದಿಲ್ಲ. ಸಂಜೆಯೊಳಗೆ ಅದು ಬದುವಿಗೋ ದಾರಿಯ ಗುಂಡಿಗೋ ಸೇರಿರುತ್ತದೆ. ಕೊಳವೆಬಾವಿಗೆ ಜಾಗ ಗುರುತಿಸಿಕೊಡುವುದು ನನ್ನ ಕಸುಬು. ಮಾನಸಗಂಗೋತ್ರಿಯಲ್ಲಿ ಭೂವಿಜ್ಞಾನ ಓದಿದವಳು. ನಾಗಮಂಗಲ, ಮಳವಳ್ಳಿ, ಕೆ.ಆರ್. ಪೇಟೆಯ ಕಡೆಗೇ ನನ್ನ ಓಡಾಟ ಹೆಚ್ಚು. ಅಡಿಗೆ ಇಷ್ಟು ಎಂದು ದುಡ್ಡು ಸುರಿದ ರೈತನಿಗೆ ಖಾತ್ರಿಯಾಗಿ ಸಿಗುವುದು ಆ ಹುಡಿ ಮಾತ್ರ. ನೀರಿಗೆ ಖಾತ್ರಿ ಯಾರೂ ಕೊಡಲಾರರು. ಹಾಗಿದ್ದ ಮೇಲೆ ಆ ಹುಡಿಯನ್ನು ಓದಲು ಕಲಿಯುವುದು ಲೇಸು.

ಮೊದಲು ಆಳದ ಲೆಕ್ಕ ಸರಿಮಾಡಿಕೊಳ್ಳೋಣ. ‘ಸಾವಿರ ಅಡಿ ಕೊರೆಸಿದೆವು, ಪಾತಾಳ ಮುಟ್ಟಿದೆವು’ ಎನ್ನುವವರಿದ್ದಾರೆ. ಸಾವಿರ ಅಡಿ ಎಂದರೆ ಸುಮಾರು 300 ಮೀಟರ್. ನಮ್ಮ ಕಾಲಡಿಯ ಹೊರಪದರದ ದಪ್ಪ 40 ಕಿಲೋಮೀಟರಿಗೂ ಹೆಚ್ಚು. ನೂರರಲ್ಲಿ ಒಂದು ಪಾಲೂ ಆಗಲಿಲ್ಲ. ರಷ್ಯಾದ ಕೋಲಾ ಪರ್ಯಾಯದ್ವೀಪದಲ್ಲಿ 1970ರಲ್ಲಿ ಕೊರೆಯಲು ತೊಡಗಿ 1989ರಲ್ಲಿ 12,262 ಮೀಟರ್ ಮುಟ್ಟಿದರು. ತಳದಲ್ಲಿ 180 ಡಿಗ್ರಿ ಸೆಲ್ಸಿಯಸ್ ಬಿಸಿ ಇತ್ತು, ಅದಕ್ಕಿಂತ ಕೆಳಗೆ ಹೋಗಲಾಗಲಿಲ್ಲ. ಅದೂ ಅಲ್ಲಿನ ಹೊರಪದರದ ಮೂರನೇ ಒಂದು ಭಾಗವಷ್ಟೇ. ಉಳಿದದ್ದನ್ನು ನಾವು ತಿಳಿದಿರುವುದು ಹೆಚ್ಚಾಗಿ ಭೂಕಂಪದ ಅಲೆಗಳಿಂದ. ಒಂದು ಆಳ ದಾಟಿದ ಕೂಡಲೇ ಅಲೆಗಳ ವೇಗ ಥಟ್ಟನೆ ಏರುವುದನ್ನು 1909ರಲ್ಲಿ ಕ್ರೊಯೇಷಿಯಾದ ಮೊಹೊರೊವಿಚಿಚ್ ಕಂಡುಹಿಡಿದರು. ಹೊರಪದರ ಮುಗಿದು, ಅದರ ಕೆಳಗಿನ ಭಾರವಾದ ಕಲ್ಲಿನ ಪದರ, ಅಂದರೆ ಮ್ಯಾಂಟಲ್ ಶುರುವಾಗುವ ಗಡಿ ಅದೇ. ಸಾಗರಗಳ ಅಡಿಯಲ್ಲಿ ಆ ಗಡಿ ತಳದ ಕಲ್ಲಿನಿಂದ ಆರೇಳು ಕಿಲೋಮೀಟರಿಗೇ ಸಿಗುತ್ತದೆ, ಟಿಬೆಟ್ಟಿನಲ್ಲಿ 70 ಕಿಲೋಮೀಟರಿಗೆ. ಮ್ಯಾಂಟಲ್ 2,900 ಕಿಲೋಮೀಟರ್ ಆಳದವರೆಗೆ ಇದೆ, ಅದರ ಕೆಳಗೆ ಕಬ್ಬಿಣದ ಗರ್ಭ. ಬೋರ್‌ವೆಲ್ಲಿನವರಿಗೆ ಗರ್ಭದ ಗೊಡವೆ ಬೇಡ.

ಈಗ ಕೆಲಸ. ಬೇಕಾದದ್ದು ಅಡುಗೆಮನೆಯ ಹಳೆಯ ಜರಡಿ, ಬಕೆಟ್ಟು, ಜಿಪ್ ಇರುವ ಪ್ಲಾಸ್ಟಿಕ್ ಚೀಲಗಳು, ಅಳಿಸದ ಮಾರ್ಕರ್, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ, ಒಂದು ಆಯಸ್ಕಾಂತ ಮತ್ತು ಒಳ್ಳೆಯ ಮಾಸ್ಕ್. ಮಾಸ್ಕನ್ನು ಪಟ್ಟಿಯ ಕೊನೆಗೆ ಸೇರಿಸಿದೆನೆಂದು ಹಗುರವಾಗಿ ಎಣಿಸಬೇಡಿ. ಒಣಕಲ್ಲು ಕೊರೆಯುವಾಗ ಏಳುವ ಬಿಳಿ ಧೂಳಿನಲ್ಲಿ ಸಿಲಿಕಾ ತುಂಬಿರುತ್ತದೆ, ಅದು ಶ್ವಾಸಕೋಶದಲ್ಲಿ ಕೂತರೆ ಏಳುವುದಿಲ್ಲ. ಗಾಳಿ ಬರುವ ದಿಕ್ಕಿಗೆ ಬೆನ್ನು ಹಾಕಿ ನಿಲ್ಲಿ. ರಿಗ್ ನಡೆಸುವ ಹುಡುಗರೊಂದಿಗೆ ಮೊದಲೇ ಮಾತಾಡಿಕೊಳ್ಳಿ. ಟೀ ತರಿಸಿಕೊಟ್ಟರೆ ರಾಡ್ ಬದಲಿಸುವಾಗಲೆಲ್ಲ ‘ಅಕ್ಕ, ಇನ್ನೂರು ಅಡಿ’ ಎಂದು ಅವರೇ ಕೂಗಿ ಹೇಳುತ್ತಾರೆ. ಪ್ರತಿ ರಾಡಿಗೆ ಒಂದು ಹಿಡಿ, ಬಣ್ಣವೋ ಸದ್ದೋ ಬದಲಾದಾಗ ಇನ್ನೊಂದು ಹಿಡಿ. ಚೀಲದ ಮೇಲೆ ಅಡಿ ಬರೆಯುವುದನ್ನು ಆಮೇಲೆ ನೋಡೋಣ ಎಂದು ಬಿಟ್ಟರೆ ಇಡೀ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ತೊಳೆಯದೆ ತೀರ್ಪು ಕೊಡಬೇಡಿ. ಬಹುಪಾಲು ಕಲ್ಲುಗಳು ನುಣ್ಣಗೆ ಪುಡಿಯಾದಾಗ ಮೂಲ ಬಣ್ಣಕ್ಕಿಂತ ತಿಳಿಯಾಗಿ, ಬೂದಿಬೂದಿಯಾಗಿ ಕಾಣುತ್ತವೆ. ಹುಡಿಯನ್ನು ಜರಡಿಗೆ ಹಾಕಿ ನೀರಿನಲ್ಲಿ ಅಲುಗಿಸಿದರೆ ನವಿರಾದದ್ದು ಹೋಗಿ ರಾಗಿಯಿಂದ ಅವರೇಕಾಳಿನವರೆಗಿನ ಗಾತ್ರದ ಚೂರುಗಳು ಉಳಿಯುತ್ತವೆ. ಓದಬೇಕಾದದ್ದು ಅವುಗಳನ್ನು.

ಮೊದಲ ಚೀಲಗಳಲ್ಲಿ ಕೆಂಪುಮಣ್ಣು, ಆಮೇಲೆ ಗರಸು. ಕೆಲವೆಡೆ ಸುಣ್ಣದ ಹರಳು ಸಿಗುತ್ತದೆ. ನಿಂಬೆರಸ ಬಿಟ್ಟರೆ ನೊರೆಯುಕ್ಕುತ್ತದೆ. ಗರಸಿನ ಕೆಳಗೆ ಬೆರಳಲ್ಲಿ ಒತ್ತಿದರೆ ಪುಡಿಯಾಗುವ, ಆದರೆ ಕಲ್ಲಿನ ಪಟ್ಟೆಗಳನ್ನು ಇನ್ನೂ ಉಳಿಸಿಕೊಂಡಿರುವ ಪದರ. ಇಲ್ಲಿ ಕಲ್ಲಿನೊಳಗಿನ ಫೆಲ್ಡ್‌ಸ್ಪಾರ್ ಎಂಬ ಖನಿಜ ಜೇಡಿಯಾಗುತ್ತಿದೆ, ಬೆಣಚು ಮಾತ್ರ ಜಗ್ಗದೆ ಕೂತಿದೆ. ಕೇಸಿಂಗ್ ಪೈಪು ಇಳಿಸುವುದು ಈ ಪದರ ಮುಗಿಯುವವರೆಗೆ. ಹಿಂದೆ ನಮ್ಮ ತೆರೆದ ಬಾವಿಗಳಿಗೆ ನೀರು ಕೊಡುತ್ತಿದ್ದದ್ದೂ ಇದೇ. ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ ಇಂದಿಗೂ ಇದು ತೊಯ್ದೇ ಇರುತ್ತದೆ. ನಾಗಮಂಗಲದ ಕಡೆ ಮಾತ್ರ ಇದನ್ನು ಒಣಗಿಸಿ ನಾವು ಕಲ್ಲಿಗೆ ಇಳಿದಿದ್ದೇವೆ.

ಕೇಸಿಂಗ್ ಮುಗಿದೊಡನೆ ಸದ್ದು ಗಟ್ಟಿಯಾಗುತ್ತದೆ, ಚೂರುಗಳು ಚೂಪಾಗುತ್ತವೆ. ಒಂದು ಚಮಚದಷ್ಟನ್ನು ಕಪ್ಪು ಕಾಗದದ ಮೇಲೆ ಹರಡಿ, ಬಿಸಿಲಿಗೆ ಓರೆಯಾಗಿ ಹಿಡಿದು ಮಸೂರದಲ್ಲಿ ನೋಡಿ. ಒಡೆದ ಗಾಜಿನಂತೆ ಅಡ್ಡಾದಿಡ್ಡಿ ಅಂಚಿನ, ಚಾಕುವಿಗೆ ಗೀರು ಬೀಳದ ಹರಳು ಬೆಣಚು, ಅಂದರೆ ಕ್ವಾರ್ಟ್ಜ್. ಬಿಳಿಯೋ ನಸುಗೆಂಪೋ ಆಗಿದ್ದು, ತಿರುಗಿಸಿದಾಗ ಒಂದು ಸಪಾಟು ಮುಖ ಫಳ್ಳೆಂದು ಹೊಳೆದು ಮರೆಯಾದರೆ ಅದು ಫೆಲ್ಡ್‌ಸ್ಪಾರ್. ತೆಳ್ಳನೆ ಕರಿ ಹಾಳೆ, ಉಗುರಿಗೆ ಎದ್ದು ಬರುವುದು ಕಾಗೆಬಂಗಾರ. ಈ ಮೂರೂ ಬೆರೆತು, ಬಿಳಿ ಚೂರು ಹೆಚ್ಚಾಗಿ ನಡುನಡುವೆ ಕರಿ ಚೂರು ಕಡಿಮೆಯಾಗಿ ಬರುತ್ತಿದ್ದರೆ ನೀವು ನೈಸ್ ಎಂಬ ಪಟ್ಟೆಪಟ್ಟೆಯ ಶಿಲೆಯಲ್ಲಿದ್ದೀರಿ. ದಕ್ಷಿಣ ಕರ್ನಾಟಕದ ಅಡಿಪಾಯವೇ ಇದು. ಸುಮಾರು 300 ಕೋಟಿ ವರ್ಷ ಹಳೆಯದು, ಹಾಸನದ ಗೊರೂರಿನ ಕಡೆ ಇನ್ನೂ ಹಳೆಯದು. ಚೂರಿನಲ್ಲಿ ಪಟ್ಟೆ ಕಾಣುವುದಿಲ್ಲವೆಂದು ಚಿಂತಿಸಬೇಡಿ. ಬೇಸಿಗೆಯಲ್ಲಿ ಶ್ರೀರಂಗಪಟ್ಟಣದ ಬಳಿ ಕಾವೇರಿಯ ಪಾತ್ರ ಬರಿದಾದಾಗ ದಡದಿಂದ ನೋಡಿದರೆ ಇದೇ ಕಲ್ಲಿನ ಪಟ್ಟೆಗಳು ಕಾಣುತ್ತವೆ. ಪಾತ್ರಕ್ಕೆ ಇಳಿಯುವ ಸಾಹಸ ಬೇಡ, ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟರೆ ಓಡಲು ಸಮಯವಿರುವುದಿಲ್ಲ.

ಕೆಲವೊಮ್ಮೆ ಬಿಳಿ ಹುಡಿ ಬರುತ್ತಿದ್ದದ್ದು ಇದ್ದಕ್ಕಿದ್ದಂತೆ ಕಡುಬೂದು, ತೊಳೆದರೆ ಅಪ್ಪಟ ಕಪ್ಪು. ಹುಡುಗರು ‘ಕರಿಕಲ್ಲು ಬಂತು’ ಎಂದು ಮುಖ ಸಣ್ಣ ಮಾಡುತ್ತಾರೆ, ಬಿಟ್ ಸವೆಯುತ್ತದೆ. ಇದು ಬಹುಮಟ್ಟಿಗೆ ಡಾಲರೈಟ್ ಡೈಕ್. ನೈಸ್ ಗಟ್ಟಿಯಾದ ಎಷ್ಟೋ ಕಾಲದ ಮೇಲೆ ಹೊರಪದರ ಬಿರಿದು, ಮ್ಯಾಂಟಲಿನಿಂದ ಏರಿದ ಕರಗಿದ ಕಲ್ಲು ಆ ಸೀಳಿನಲ್ಲಿ ಗೋಡೆಯಾಗಿ ನಿಂತದ್ದು. ಕತ್ತರಿಸಿದ್ದು ಯಾವಾಗಲೂ ಕತ್ತರಿಸಿಕೊಂಡದ್ದಕ್ಕಿಂತ ಕಿರಿಯ. ವಯಸ್ಸು ಅಳೆಯುವ ಯಂತ್ರವಿಲ್ಲದೆ ಹಿಂದುಮುಂದು ಹೇಳಲು ಈ ಒಂದು ನಿಯಮ ಸಾಕು. ಬೆಂಗಳೂರಿನ ಸುತ್ತ ಪೂರ್ವ-ಪಶ್ಚಿಮವಾಗಿ ಹಾಸಿರುವ ಇಂಥ ಡೈಕುಗಳಿಗೆ ಸುಮಾರು 237 ಕೋಟಿ ವರ್ಷ. ಈ ಗೋಡೆ ನೆಲದಡಿಯ ನೀರಿನ ಹರಿವಿಗೆ ಅಡ್ಡ ನಿಲ್ಲುತ್ತದೆ. ಆದ್ದರಿಂದ ಡೈಕಿನ ನಡುವೆ ಕೊರೆಯುವುದಕ್ಕಿಂತ ಅದರ ಮೇಲುಗಡೆಯ ಪಕ್ಕದಲ್ಲಿ ಕೊರೆಸುವುದು ಜಾಣತನ. ಹುಡಿ ಇಟ್ಟುಕೊಂಡವನಿಗೆ ಮಾತ್ರ ಮುಂದಿನ ಬೋರನ್ನು ಎತ್ತ ಸರಿಸಬೇಕೆಂಬುದಕ್ಕೆ ಆಧಾರವಿರುತ್ತದೆ.

ಡೈಕ್ ಎಂದು ಖಚಿತಪಡಿಸಿಕೊಳ್ಳಲು ಆಯಸ್ಕಾಂತವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಣ ಚೂರುಗಳ ಮೇಲೆ ಆಡಿಸಿ. ಡಾಲರೈಟಿನಲ್ಲಿ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜ ಇರುವುದರಿಂದ ಚೂರುಗಳು ಅಂಟುತ್ತವೆ. ಇಲ್ಲೊಂದು ಮೋಸವಿದೆ: ಬಿಟ್ಟಿನಿಂದ, ರಾಡಿನಿಂದ ಸವೆದ ಉಕ್ಕಿನ ಸಿಪ್ಪೆಯೂ ಅಂಟುತ್ತದೆ. ಅಂಟಿದ್ದನ್ನು ಒದ್ದೆ ಬಟ್ಟೆಯ ಮೇಲೆ ಒಂದು ರಾತ್ರಿ ಬಿಡಿ. ಉಕ್ಕಾಗಿದ್ದರೆ ಬೆಳಗ್ಗೆ ತುಕ್ಕಿನ ಕಲೆ ಬಿಟ್ಟಿರುತ್ತದೆ, ಮ್ಯಾಗ್ನೆಟೈಟ್ ಕಪ್ಪಾಗಿಯೇ ಇರುತ್ತದೆ.

ಕಲ್ಲಿನೊಳಗಿನಿಂದ ಬಂದ ಚೂರಿನ ಒಂದು ಮುಖಕ್ಕೆ ಕಾವಿಬಣ್ಣ ಹತ್ತಿದ್ದರೆ ಅಡಿ ತಪ್ಪದೆ ಬರೆದಿಡಿ. ನೀರು ಓಡಾಡಿದ ಬಿರುಕಿನ ಗೋಡೆ ಅದು. ರಿಗ್ಗಿನವರು ‘ಗ್ಯಾಪ್’ ಎನ್ನುವುದು ಇದನ್ನೇ. ಅಂತರ್ಗಂಗೆ ಎಂಬ ನದಿ ನೆಲದಡಿಯಲ್ಲಿ ಹರಿಯುತ್ತದೆ, ಸಾಕಷ್ಟು ಆಳಕ್ಕೆ ಹೋದರೆ ಸಿಕ್ಕೇ ಸಿಗುತ್ತದೆ ಎಂಬ ನಂಬಿಕೆಯಿಂದ ಎಷ್ಟು ಮನೆ ಮುಳುಗಿವೆಯೋ. ನೈಸ್ ಶಿಲೆಗೆ ಸ್ವಂತದ ರಂಧ್ರಗಳೇ ಇಲ್ಲ, ನೀರು ಇರುವುದು ಬಿರುಕುಗಳಲ್ಲಿ ಮಾತ್ರ. ಆಳ ಹೋದಷ್ಟೂ ಮೇಲಿನ ಭಾರಕ್ಕೆ ಬಿರುಕುಗಳು ಬಿಗಿದುಕೊಳ್ಳುತ್ತವೆ. ಅಂಗೈಯಲ್ಲಿ ತೆಂಗಿನಕಾಯಿ ನಿಲ್ಲಿಸಿ ನೀರು ನೋಡುವವರ ಬಗ್ಗೆ ನಾನು ಜಗಳಕ್ಕೆ ನಿಲ್ಲುವುದಿಲ್ಲ. ಅವರು ತೋರಿಸಿದ ಜಾಗದ ಹುಡಿಯನ್ನೂ ಇದೇ ಶ್ರದ್ಧೆಯಿಂದ ಚೀಲಕ್ಕೆ ತುಂಬುತ್ತೇನೆ.

ಇನ್ನು ಮನೆಯಲ್ಲಿ ಮಾಡುವ ಪರೀಕ್ಷೆ. ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಒಂದು ಲೀಟರಿನ ಅಳತೆ ಜಾಡಿಗೆ ಸರಿಯಾಗಿ 500 ಮಿಲಿಲೀಟರ್ ನೀರು ಹಾಕಿ. ತೊಳೆದು ಒಣಗಿಸಿದ ಬಿಳಿ ನೈಸ್ ಚೂರು 600 ಗ್ರಾಂ ತೂಗಿ, ನಿಧಾನವಾಗಿ ಸುರಿದು, ಗಾಳಿಗುಳ್ಳೆ ಹೋಗುವಂತೆ ಕಡ್ಡಿಯಲ್ಲಿ ಕಲಕಿ. ನೀರಿನ ಮಟ್ಟ ಸುಮಾರು 725ರ ಬಳಿ ನಿಲ್ಲುತ್ತದೆ. ಜಾಡಿ ಬರಿದು ಮಾಡಿ, ಅಷ್ಟೇ ತೂಕದ ಕರಿಕಲ್ಲಿನ ಚೂರು ಹಾಕಿದರೆ 700ರ ಆಸುಪಾಸು. 600ನ್ನು ಏರಿಕೆಯಿಂದ ಭಾಗಿಸಿ: ನೈಸ್ ನೀರಿಗಿಂತ 2.7 ಪಟ್ಟು ಭಾರ, ಕರಿಕಲ್ಲು ಸುಮಾರು 3 ಪಟ್ಟು. ಮ್ಯಾಂಟಲಿನ ಮೇಲ್ಭಾಗದ ಕಲ್ಲು ಇವೆರಡಕ್ಕಿಂತಲೂ ಭಾರ, 3.3ರಷ್ಟು.

ಭೂಫಲಕಗಳ, ಅಂದರೆ ಸರಿದಾಡುವ ಭೂಮಿಯ ಹೊರಚಿಪ್ಪಿನ ತುಂಡುಗಳ, ಕಥೆಯ ಬಹುಭಾಗ ಆ 25 ಮಿಲಿಲೀಟರಿನ ವ್ಯತ್ಯಾಸದಲ್ಲಿದೆ. ಸಾಗರದ ತಳ ಕರಿಕಲ್ಲಿನ ಜಾತಿಯದು. ಸಾಗರದ ನಡುವಿನ ಏಣುಗಳಲ್ಲಿ ಬಿಸಿಯಾಗಿ ಹುಟ್ಟಿ, ಸರಿಯುತ್ತ ತಣ್ಣಗಾಗಿ, ಭಾರವಾಗಿ, ಕೊನೆಗೆ ಇನ್ನೊಂದು ಫಲಕದ ಅಡಿಗೆ ಮುಳುಗಿ ಮ್ಯಾಂಟಲಿಗೆ ಮರಳುತ್ತದೆ. ಹಾಗಾಗಿ 20 ಕೋಟಿ ವರ್ಷಕ್ಕಿಂತ ಹಳೆಯ ಸಾಗರತಳ ಇಂದು ಉಳಿದೇ ಇಲ್ಲವೆನ್ನಬೇಕು. ನೈಸ್ ಹಗುರ. ಭೂಖಂಡ ಅದನ್ನು ಹೊತ್ತು ತೇಲುತ್ತದೆಯೇ ಹೊರತು ಮುಳುಗುವುದಿಲ್ಲ. ನಿಮ್ಮ ಚೀಲದಲ್ಲಿ 300 ಕೋಟಿ ವರ್ಷದ ಕಲ್ಲು ಇರಲು ಕಾರಣ ಇದು. ಆ ನೈಸ್ ಕೂಡ ಮೂಲದಲ್ಲಿ ನೀರು ಹೀರಿದ ಕರಿ ಹೊರಪದರ ಆಳದಲ್ಲಿ ಭಾಗಶಃ ಕರಗಿ, ಹಗುರಾದದ್ದು ಮೇಲೆದ್ದು ಬಂದದ್ದೇ. ಅಷ್ಟು ಹಿಂದೆಯೂ ಫಲಕಗಳು ಇಂದಿನಂತೆಯೇ ಚಲಿಸುತ್ತಿದ್ದವೇ ಎಂಬ ಬಗ್ಗೆ ಭೂವಿಜ್ಞಾನಿಗಳಲ್ಲಿ ಇನ್ನೂ ವಾದವಿದೆ, ಮತ್ತು ಅದು ಬಿಸಿ ವಾದ.

ಸಿಕ್ಕ ಚೂರನ್ನು ಹೋಲಿಸಿ ನೋಡಲು ನಮ್ಮ ಸೀಮೆಯಷ್ಟು ಅನುಕೂಲ ಬೇರೆಲ್ಲಿದೆ? ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ ಪಕ್ಕದ ಬಂಡೆಗಳಲ್ಲಿ ದಪ್ಪ ಹರಳಿನ ಗ್ರಾನೈಟ್ ಇದೆ, ಸುಮಾರು 80 ಕೋಟಿ ವರ್ಷದ್ದು, ನೈಸ್ ಮುಂದೆ ಎಳೆಯ ಕೂಸು. ಬೆಂಗಳೂರು ರಸ್ತೆಯಲ್ಲಿ ರಾಮನಗರದ ಬೆಟ್ಟಗಳು 250 ಕೋಟಿ ವರ್ಷದ ಕ್ಲೋಸ್‌ಪೇಟ್ ಗ್ರಾನೈಟ್. ಸೋಮನಾಥಪುರದ 13ನೇ ಶತಮಾನದ ದೇವಾಲಯದಲ್ಲಿ ಬಳಪದ ಕಲ್ಲಿನ ನುಣುಪು ಕಣ್ಣಿಗೇ ಗೊತ್ತಾಗುತ್ತದೆ. ಗೀರಿ ನೋಡುವ ಚಪಲ ಖಂಡಿತ ಬೇಡ. ನಿಮ್ಮ ಚೂರು ಹಸಿರಾಗಿ, ಬೆರಳಿಗೆ ಜಾರುವಂತಿದ್ದರೆ ಆ ಬಳಗದ್ದು. ಎಚ್.ಡಿ. ಕೋಟೆ ಕಡೆಯ ಸರಗೂರಿನ ಹೆಸರನ್ನೇ ಹೊತ್ತ ಶಿಲಾಸಮೂಹದಲ್ಲಿ ಇಂಥ ಮೆಗ್ನೀಷಿಯಂ ಹೇರಳವಾಗಿರುವ ಕಲ್ಲುಗಳು ಸಿಗುತ್ತವೆ, 300 ಕೋಟಿ ವರ್ಷಕ್ಕೂ ಹಿಂದಿನವು. ಶ್ರೀರಂಗಪಟ್ಟಣ ತಾಲ್ಲೂಕಿನ ಮರಳಗಾಲ–ಅಲ್ಲಾಪಟ್ಟಣದಲ್ಲಿ 1,600 ಟನ್ ಲಿಥಿಯಂ ಅಂದಾಜಾಗಿದೆ ಎಂದು 2021ರಲ್ಲಿ ಸುದ್ದಿಯಾದ ಮೇಲೆ ಹೊಳೆಯುವ ಕಾಗೆಬಂಗಾರ ಹಿಡಿದು ‘ಇದು ಲಿಥಿಯಮ್ಮಾ ಮೇಡಂ?’ ಎಂದು ಕೇಳುವವರು ಹೆಚ್ಚಾಗಿದ್ದಾರೆ. ಅಲ್ಲ. ಅಲ್ಲಿಯ ಲಿಥಿಯಂ ಪೆಗ್ಮಟೈಟ್ ಎಂಬ ದೈತ್ಯ ಹರಳುಗಳ ಕಲ್ಲಿನಲ್ಲಿದೆ, ಅದನ್ನು ಹೊಳಪಿನಿಂದ ಗುರುತಿಸಲಾಗದು.

ಚೂರು ಹಳೆಯದಾದರೂ ಅದು ಕೂತ ಜಾಗ ನಿಂತಿಲ್ಲ. 8.8 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮಿಂದ ಬೇರ್ಪಟ್ಟಿತು; ಆ ಬಿರಿತದ ಲಾವಾ ಉಡುಪಿಯ ಸೇಂಟ್ ಮೇರೀಸ್ ದ್ವೀಪದಲ್ಲಿ ಕಂಬಕಂಬವಾಗಿ ನಿಂತಿದೆ, ನಮ್ಮ ನೈಸ್‌ನ ದಾಯಾದಿ ಮಡಗಾಸ್ಕರಿನ ಈಶಾನ್ಯ ಭಾಗದಲ್ಲಿ ಸಿಗುತ್ತದೆ. ಸುಮಾರು 5 ಕೋಟಿ ವರ್ಷದ ಹಿಂದೆ ಭಾರತದ ಫಲಕ ಏಷ್ಯಾಕ್ಕೆ ಡಿಕ್ಕಿ ಹೊಡೆಯಿತು, ಇಂದಿಗೂ ವರ್ಷಕ್ಕೆ 5 ಸೆಂಟಿಮೀಟರಿನಂತೆ ಈಶಾನ್ಯಕ್ಕೆ ಸರಿಯುತ್ತಿದೆ. ಇಪ್ಪತ್ತು ವರ್ಷದ ಹಿಂದೆ ಕೊರೆಸಿದ ಬೋರ್‌ವೆಲ್ ಕೇಸಿಂಗು, ಮೋಟಾರು, ತೆಂಗಿನಮರದ ಸಮೇತ ಒಂದು ಮೀಟರ್ ಪಯಣಿಸಿದೆ. ಡಿಕ್ಕಿಯ ಅಂಚು ದೂರದ ಹಿಮಾಲಯದಲ್ಲಿರುವುದರಿಂದ ನಮಗೆ ನಡುಕ ಕಡಿಮೆ. 2002ರ ಭೂಕಂಪ ವಲಯ ನಕ್ಷೆಯಲ್ಲಿ ಮೈಸೂರು, ಮಂಡ್ಯ ಎರಡೂ ಅತಿ ಕಡಿಮೆ ಅಪಾಯದ 2ನೇ ವಲಯದಲ್ಲಿವೆ. ಕಡಿಮೆ ಎಂದರೆ ಇಲ್ಲವೇ ಇಲ್ಲ ಎಂದಲ್ಲ, 1900ರಲ್ಲಿ ಕೊಯಮತ್ತೂರು ಅದುರಿತ್ತು.

ಕೊನೆಗೆ ಒಂದು ಹಾಳೆಯಲ್ಲಿ ಅಡಿ, ಬಣ್ಣ, ಕಲ್ಲು, ಗ್ಯಾಪ್, ಎಷ್ಟು ಇಂಚು ನೀರು ಎಂದು ಬರೆದು, ಒಂದು ಪ್ರತಿಯನ್ನು ಪಹಣಿಯ ಜೊತೆಗಿಡಿ, ಇನ್ನೊಂದನ್ನು ಪಕ್ಕದ ಹೊಲದವರಿಗೆ ಕೊಡಿ. ಬೋರ್ ವಿಫಲವಾದರೆ ಬಾಯಿಗೆ ಚೀಲ ತುರುಕಿ ಹೋಗುವ ಚಾಳಿ ಬಿಡಬೇಕು, ಮಕ್ಕಳು ಬೀಳುತ್ತಾರೆ. ತ್ಯಜಿಸಿದ ಕೊಳವೆಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳು, ಕಲ್ಲು, ಇಲ್ಲವೇ ಕೊರೆದ ಹುಡಿಯಿಂದಲೇ ತುಂಬಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಸೂಚಿಸಿದೆ. ರಾಶಿ ಮರಳಿ ಕೊಳವೆಗೆ ಹೋಗುವ ಮೊದಲು ನಿಮ್ಮ ಚೀಲಗಳನ್ನು ತುಂಬಿಕೊಳ್ಳಿ.